ಕಚ್ಚೆ ಬಿಟ್ಟ ದಿನ

ಹುಮನಾಬಾದ
೧೨ ಆಗಸ್ಟ್ ೧೯೭೪, ಸೋಮವಾರ

ಅತ್ತೆಯ ಮುಖ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಹೆರಿಗೆಯಾದಾಗಿನಿಂದ ಕೆಳಗೆ ಜಾರುತ್ತಿದ್ದ ನನ್ನ ಗರ್ಭಚೀಲವನ್ನು ಕಲ್ಯಾಣದ ಡಾಕ್ಟರಮ್ಮ ಇವತ್ತು ಮೇಲಕ್ಕೆ ಸರಿಸಿ, ಮತ್ತೆ ಇಳಿಯದ ಹಾಗೆ ಒಳಗೊಂದು ರಬ್ಬರಿನ ರಿಂಗ್ ಕೂರಿಸಿದರು. ಬಸ್ಸಿನಲ್ಲಿ ನೆಟ್ಟಗೆ ಕೂತು ಬಂದೆ. ಕೆಮ್ಮು ಬಂದರೂ ಹೆದರಲಿಲ್ಲ. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ನಾನು ಹಳೆಯ ಹೆಂಗಸರ ಹಾಗೆ ಬಿಗಿಯಾಗಿ ಕಚ್ಚೆ ಹಾಕತೊಡಗಿದ್ದೇ ಆ ಚೀಲ ಹೊರಬರುವುದನ್ನು ತಡೆಯಲು. ಅದನ್ನರಿಯದ ಅತ್ತೆ, "ಸಾಲಿ ಕಲ್ತರೂ ನಮ್ಮ ಸೊಸಿ ರಿವಾಜ ಬಿಟ್ಟಿಲ್ಲ" ಎಂದು ಪಕ್ಕದ ಮಾಣಿಕನಗರದ ತುಂಬ ಹೊಗಳಿಕೊಂಡು ತಿರುಗಿದರು. ನಾನು ಬಾಯಿ ಬಿಡಲಿಲ್ಲ. ಹೇಳುವುದಾದರೂ ಹೇಗೆ?

ಸಂಜೆ ಮೊದಲಿನಂತೆ ನೆರಿಗೆ ಬಿಟ್ಟು ಸೀರೆ ಉಟ್ಟು ಬಂದೆ. ಅತ್ತೆ ಸಿಡುಕಿದರು.

"ಕಚ್ಚಿ ಯಾಕ ಬಿಟ್ಟಿ?"

ನನಗೂ ರೇಗಿತು. ಎಲ್ಲ ಹೇಳಿಬಿಟ್ಟೆ. ಇನ್ನು ಬೈಗುಳವೇ ಎಂದುಕೊಂಡರೆ, ಅವರು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನನ್ನ ಹತ್ತಿರ ಬಂದು ಕೂತರು.

"ನಿನ್ನ ಗಂಡ ಹುಟ್ಟಿದಾಗಿಂದ ನಾನೂ ಅದಕ್ಕೇ ಬಿಗದು ಕಚ್ಚಿ ಹಾಕಾಕತ್ತೀನವ್ವ. ಹೆಂಗಸರ ಹಣೇಬರಾನ ಇಷ್ಟು ಅಂದ್ಕೊಂಡಿದ್ದೆ. ಆ ಡಾಕ್ಟರ್ ಬಾಯಿ ಮುದುಕ್ಯಾರಿಗೂ ರಿಂಗ್ ಹಾಕ್ತಾಳೇನ?"

"ಹಾಕ್ತಾರ್ರಿ ಅತ್ತಿ" ಎಂದೆ. ಇಷ್ಟು ವರ್ಷ ಈ ಮುದುಕಿ ನೀರಿನ ಕೊಡ ಹೊತ್ತದ್ದು ಹೇಗೆ?

ನಾಳೆ ಮೊದಲ ಬಸ್ಸಿಗೆ ಇಬ್ಬರೂ ಕಲ್ಯಾಣಕ್ಕೆ. ಬರುವಾಗ ಕಚ್ಚೆಯಿಲ್ಲದೆ ಉಡಲಿಕ್ಕೆಂದು ಅತ್ತೆ ನನ್ನದೊಂದು ಸಾದಾ ಸೀರೆಯನ್ನು ಈಗಲೇ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.