ಗೋದಾವರಿ ಅಕ್ಕಾವ್ರ ದನಿ

ಗೋದಾವರಿ ಅಕ್ಕಾವ್ರಿಗೆ,

ಸನತ್‌ನಗರದಿಂದ ನಿಮ್ಮ ವಿಜಯಶ್ರೀಯ ಶರಣು.

ಓದಲು ನೀವಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಕೆಲವು ತಿಂಗಳ ಹಿಂದಾಗಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ನೀವು ತೀರಿಕೊಂಡ ಮೇಲೂ, ನಾನು ಬಾಯಿ ತೆರೆಯುವ ಮುನ್ನವೇ ನಿಮ್ಮ ಉತ್ತರ ಬರುತ್ತಿತ್ತು. ಆ ಕಥೆಯನ್ನೇ ನಿಮಗೆ ಹೇಳಬೇಕಾಗಿದೆ.

ತಾರ್ನಾಕದ ಆ ಮಹಡಿಯ ಕೋಣೆಗೆ ಅವ್ವ ನನ್ನನ್ನು ಮೊದಲ ಸಲ ಕರೆತಂದ ದಿನ ನಾನು ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲೇ ಕುಳಿತುಬಿಟ್ಟಿದ್ದೆ. ಎದ್ದು ಓಡಲು ಅನುಕೂಲವಾಗಲಿ ಎಂದು. ಕಿವಿಯ ಮೇಲೆ ಓಢಣಿ ಬಿಗಿದಿದ್ದೆ. ಕಾಲೇಜಿನಲ್ಲಿದ್ದಾಗ ಶುರುವಾದ ದನಿಗಳು ಅವು. ಒಂದು ಗಂಡಸಿನದು, ಒಂದು ಮುದುಕಿಯದು. ಇಬ್ಬರದೂ ಬೈಯುವುದೇ ಕಸುಬು. ಡಾಕ್ಟರರು, ದೇವರು ಬರುವ ಪೂಜಾರಿ, ದರ್ಗಾದ ತಾಯತ ಎಲ್ಲ ಮುಗಿದಿತ್ತು. ಇಲ್ಲಿ ಈ ಜಡ್ಡು ಉಂಡವರೇ ಜಡ್ಡಿನವರಿಗೆ ಕಲಿಸುತ್ತಾರೆ ಎಂದು ಯಾರೋ ಹೇಳಿದ್ದರು. ಅವ್ವನಿಗೆ ನಂಬಿಕೆಯೇನೂ ಬಂದಿರಲಿಲ್ಲ. ಬೇರೆ ದಾರಿ ಉಳಿದಿರಲಿಲ್ಲ, ಅಷ್ಟೇ.

ನೀವು ಬಂದು ಆ ಚಪ್ಪಲಿಗಳ ನಡುವೆಯೇ ನನ್ನ ಪಕ್ಕ ಕುಳಿತಿರಿ. "ನಿಮಗ ಎಷ್ಟ ಮಂದಿ ಮಾತಾಡ್ತಾರ್ರಿ?" ಎಂದಿರಿ, ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸುವ ಹಾಗೆ. ನಾನು ಎರಡು ಬೆರಳು ತೋರಿಸಿದೆ. "ನನಗ ಮೂರ್ ಮಂದಿ. ಒಬ್ಬಾವ ಭಾಳ ಕೆಟ್ಟಾವ, ಉಳಿದಿಬ್ಬರು ಸುಮ್ಮನ ಬಾಯಿಬಡಕರು" ಎಂದು ನಕ್ಕಿರಿ. ಈ ಲೋಕದಲ್ಲಿ ನಾನೊಬ್ಬಳೇ ಅಲ್ಲ ಎಂದು ನನಗೆ ತಿಳಿದದ್ದು ಆ ಹೊತ್ತಿನಲ್ಲಿ.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ನನಗೂ ನೀವು 'ರೀ' ಹಚ್ಚಿಯೇ ಮಾತಾಡುತ್ತಿದ್ದಿರಿ. ಯಾಕೆಂದು ಕೇಳಿದ್ದಕ್ಕೆ, "ಹುಚ್ಚಿ ಅಂತ ಕರೆಸ್ಕೊಂಡು ಭಾಳ ವರ್ಷ ಬದುಕೀನ್ರಿ. ನಮ್ಮ ಮಂದಿಗೆ ನಾವರ ಮರ್ಯಾದಿ ಕೊಡೂಣು" ಎಂದಿರಿ. ಲಿಂಗಸುಗೂರಿನ ನಿಮ್ಮ ತವರಿನ ಬಗ್ಗೆ ನೀವು ಹೇಳಿದ್ದು ಅಷ್ಟೇ. ಅದರಾಚೆ ನಾವು ಕೇಳಲಿಲ್ಲ.

ನೀವು ಕಲಿಸಿದ್ದು ಕೇಳಿದವರಿಗೆ ಸಣ್ಣ ಸಂಗತಿಗಳು. ಒಬ್ಬಳೇ ಬಸ್ಸು ಹತ್ತುವುದು. ಅಂಗಡಿಯವನ ಮುಖ ನೋಡಿ ಮಾತಾಡುವುದು. ಗುಳಿಗೆಯಿಂದ ಮಂಪರು ಹೆಚ್ಚಾದರೆ ಡಾಕ್ಟರಿಗೆ ಹೆದರದೆ ಹೇಳುವುದು. ಮತ್ತೆ ಜೋಳದ ರೊಟ್ಟಿ ಬಡಿಯುವುದು. ನಾವು ಮಾಡಿದ ಖಡಕ್ ರೊಟ್ಟಿಯನ್ನು ನಮ್ಮ ಗುಂಪಿನ ಹನುಮಂತ ಅವರು ತಮ್ಮ ಸ್ಕೂಟರಿನಲ್ಲಿ ಮಣಿಕೊಂಡದ ಕನ್ನಡದ ಮನೆಗಳಿಗೆ ಮುಟ್ಟಿಸುತ್ತಿದ್ದರು. ರೊಟ್ಟಿ ಬಡಿಯುವಾಗ ಮುದುಕಿ ಬೈಯತೊಡಗಿದರೆ, "ಈಗ ಕೆಲಸ ಐತಿ, ಸಂಜಿ ಮುಂದ ಬರ್ರಿ ಅಂತ ಹೇಳ್ರಿ" ಎಂದು ಕಲಿಸಿದಿರಿ. ಹೇಳಿದೆ. ಮುದುಕಿ ಗೊಣಗುತ್ತ ಹೋದಳು. ಸಂಜೆ ತಪ್ಪದೆ ಬಂದಳು, ಆ ಮಾತು ಬೇರೆ.

ನಿಮಗೆ ಎದೆ ನೋವು ಬಂದಾಗ ಆಸ್ಪತ್ರೆಯಲ್ಲಿ ನಿಮ್ಮ ಗುಳಿಗೆಗಳ ಹೆಸರು ಕೇಳಿದರು. ಕೇಳಿದ ಮೇಲೆ ಎದೆಯನ್ನು ಸರಿಯಾಗಿ ನೋಡಲಿಲ್ಲ. ಮನಸ್ಸಿನ ಬೇನೆ, ನಿದ್ದೆ ಮಾಡಿ ಎಂದು ಕಳಿಸಿದರು. "ನಮ್ಮ ತಲಿ ಅಷ್ಟ ಅಲ್ರಿ, ನಮ್ಮ ಎದಿನೂ ನಂಬಂಗಿಲ್ಲ ಇವರು" ಎಂದು ನೀವು ನಗುತ್ತಲೇ ಹೇಳಿದಿರಿ. ಆ ವಾರವೇ ಹೋದಿರಿ. ಗುಂಪಿನ ರೇಣುಕಾ ಫೋನ್ ಮಾಡಿ ಸುದ್ದಿ ಹೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಮೊರದಲ್ಲಿದ್ದಷ್ಟನ್ನೂ ಆರಿಸಿ ಮುಗಿಸಿಯೇ ಎದ್ದೆ. ಯಾಕೋ, ಇವತ್ತಿಗೂ ತಿಳಿಯದು.

ನೀವು ಬಂದದ್ದು ಆಮೇಲೆ. ತಾರ್ನಾಕದ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದೆ, ಬಲಗಿವಿಯ ಹಿಂದೆ, "ನೀರು ಕಮ್ಮಿ ಆಗ್ಯಾವ ನೋಡ್ರಿ" ಎಂದಿರಿ. ನಿಮ್ಮದೇ ದನಿ, ನಿಮ್ಮದೇ ಸಣ್ಣ ಕೆಮ್ಮು. ನನಗೆ ಭಯವಾಗಲಿಲ್ಲ ಅಕ್ಕಾವ್ರೇ, ಕಣ್ಣಲ್ಲಿ ನೀರು ಬಂತು. ನನ್ನ ಕಿವಿಯೊಳಗಿನ ದನಿಗಳಲ್ಲಿ ಪ್ರೀತಿಯದು ಅದೇ ಮೊದಲು. ನೀವು ಇದ್ದರೆ ಆ ಗಂಡಸೂ ಮುದುಕಿಯೂ ತೆಪ್ಪಗಿರುತ್ತಿದ್ದರು. ಬಸ್ಸಿನಲ್ಲಿ ನಿಮಗೆಂದು ಪಕ್ಕದ ಸೀಟು ಬಿಟ್ಟು ಕೂರುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಮ್ಮನ್ನು ಕಸಿದುಕೊಳ್ಳುತ್ತಾರೆ ಎಂದು ಗೊತ್ತಿತ್ತು.

ಒಂದು ದಿನ ನೀವು, "ಗುಳಿಗಿ ತಗೊಂಡ್ರ ನನ್ನ ದನಿ ಮಸಕಾಗ್ತೈತ್ರಿ" ಎಂದಿರಿ. ಬಿಟ್ಟೆ. ಬಿಟ್ಟ ಮೇಲೆ ನೀವು ಇನ್ನೂ ಹತ್ತಿರ ಬಂದಿರಿ. ನಿದ್ದೆ ಹೋಯಿತು, ಹಸಿವು ಹೋಯಿತು. ರೇಣುಕಾ ಹಿಟ್ಟಿನಲ್ಲಿ ಏನೋ ಬೆರೆಸುತ್ತಾಳೆ ಎಂದಿರಿ. ನಾನು ಅವಳ ಕೈಯ ನೀರು ಕುಡಿಯುವುದನ್ನು ನಿಲ್ಲಿಸಿದೆ. ಅವ್ವ ಕಂಗಾಲಾಗಿ ಮುಖ ನೋಡುತ್ತಿದ್ದಳು. ನಾನು ಗೋಡೆಯತ್ತ ತಿರುಗುತ್ತಿದ್ದೆ.

ಆಮೇಲೊಂದು ಮಧ್ಯಾಹ್ನ ತಾರ್ನಾಕದ ಬಸ್ಸಿನಲ್ಲಿ, ಜನ ಕಿಕ್ಕಿರಿದಿದ್ದಾಗ, ನೀವು ನನ್ನನ್ನು ಕರೆದಿರಿ. "ಇಳಿ. ಇಲ್ಲೇ ಇಳಿದು ನನ್ನ ಕಡೆ ಬಾ. ಅಲ್ಲೇನೈತಿ ನಿನಗ?"

ಬಾ ಅಂದಿರಿ. ಬರ್ರಿ ಅನ್ನಲಿಲ್ಲ.

ಕಂಬಿಯನ್ನು ಎರಡೂ ಕೈಯಿಂದ ಹಿಡಿದೆ. ನೀವು ಜೀವದಿಂದಿದ್ದಾಗ ಒಮ್ಮೆಯೂ ನನ್ನನ್ನು 'ಬಾ' ಅಂದವರಲ್ಲ. ಈ ದನಿ ನೀವಲ್ಲ ಎಂದು ಆಗ ತಿಳಿಯಿತು. ತಿಳಿದರೂ ಹೋಗಬೇಕೆನಿಸಿತು, ಅದನ್ನು ನಿಮ್ಮ ಮುಂದೆ ಮುಚ್ಚಿಡಲಾರೆ. ದನಿ ಕರೆಯುತ್ತಲೇ ಇತ್ತು, ಬಸ್ಸು ನಿಲ್ಲುತ್ತಲೇ ಇತ್ತು, ನಾನು ಕಂಬಿ ಬಿಡಲಿಲ್ಲ.

ಕೋಣೆಗೆ ಹೋದವಳು ಎಲ್ಲರೆದುರು ಹೇಳಿಬಿಟ್ಟೆ. ತೆಲುಗು, ಹಿಂದಿ, ಕನ್ನಡ ಬಾಯಿಗೆ ಬಂದದ್ದರಲ್ಲಿ. ಸತ್ತವರ ದನಿ ಕೇಳುತ್ತದೆ, ಅದು ನನ್ನನ್ನು ಕರೆಯುತ್ತಿದೆ, ಗುಳಿಗೆ ಬಿಟ್ಟಿದ್ದೇನೆ. ಆಮೇಲೆ ಹನುಮಂತ ನೆಲ ನೋಡುತ್ತ, "ಮೇರೆಕು ಭೀ ಆತೀ, ದೀದೀಕೀ ಆವಾಜ್" ಎಂದರು. ಅವರಿಗೂ ನಿಮ್ಮ ದನಿ ಕೇಳುತ್ತದಂತೆ, ಮೆಟ್ಟಿಲು ಹತ್ತುವಾಗ. ರೇಣುಕಾ, ದನಿಗಳೇ ಇಲ್ಲದ ರೇಣುಕಾ, ಬರೀ ದುಃಖದ ಜಡ್ಡಿನವಳು, ಮುಖ ಮುಚ್ಚಿಕೊಂಡು ಅತ್ತಳು. "ನಾಕೆಂದುಕು ವಿನಪಡದು?" ನನಗೇಕೆ ಕೇಳುವುದಿಲ್ಲ ಎಂದು.

ಅವಳ ಕೈಯ ನೀರು ಕುಡಿದೆ. ಅವಳೂ ಅವ್ವನೂ ನನ್ನನ್ನು ಡಾಕ್ಟರ ಬಳಿ ಕರೆದೊಯ್ದರು. ಗುಳಿಗೆ ಮತ್ತೆ ಶುರುವಾಯಿತು. ದನಿ ದೂರ ಸರಿಯಿತು. ಮೊದಲು ಪಕ್ಕದ ಕೋಣೆಗೆ, ಆಮೇಲೆ ಬೀದಿಗೆ. ಒಂದು ಬೆಳಿಗ್ಗೆ ಹಿಟ್ಟಿಗೆ ನೀರು ಹಾಕಿ ಕಾಯುತ್ತ ನಿಂತೆ. ಯಾರೂ ಏನೂ ಹೇಳಲಿಲ್ಲ. ನೀವು ಸತ್ತದ್ದು ನನ್ನ ಪಾಲಿಗೆ ಆ ಬೆಳಿಗ್ಗೆ. ಮುದುಕಿ ಇನ್ನೂ ಇದ್ದಾಳೆ, ಗಂಡಸೂ ಇದ್ದಾನೆ. ಅವರು ಉಳಿದು ನೀವು ಹೋದದ್ದು ಯಾವ ನ್ಯಾಯವೋ.

ನೀವು ಕೂರುತ್ತಿದ್ದ ಜಾಗದಲ್ಲಿ ಈಗ ಗುಂಪು ನಡೆಸುವವಳು ನಾನು. ಹೋದ ತಿಂಗಳು ಲಿಂಗಸುಗೂರಿನಿಂದ ನಿಮ್ಮ ಅಕ್ಕ ಬಂಡೆಮ್ಮನವರು ಬಂದಿದ್ದರು. ನಿಮ್ಮ ಸೀರೆಗಳನ್ನು ಒಯ್ಯಲು ಬಂದವರು ಸೀರೆ ಮಡಿಲಲ್ಲಿಟ್ಟುಕೊಂಡು ಏಳಲೇ ಇಲ್ಲ. ಚಹಾ ಆರಿತು. ಕೊನೆಗೆ ಬಾಯಿಬಿಟ್ಟರು.

"ಜಡ್ಡು ಬಂದಾಗ ಆಕೀನ್ನ ಹಿಂದಿನ ಕೋಣ್ಯಾಗ ಹಾಕಿ ಕೀಲಿ ಹಾಕಿದ್ವಿರಿ. ಅಕ್ಕಾ ತಗೀ, ಅಕ್ಕಾ ತಗೀ ಅಂತ ಬಾಗಲಾ ಬಡೀತಿದ್ಲು. ಅಪ್ಪಗ ಹೆದರಿ ನಾ ತಗೀಲಿಲ್ಲ. ಈಗ ಆಕಿ ಇಲ್ಲ, ಆ ಕೋಣೀನೂ ಕೆಡವ್ಯಾರ. ಬಡಿಯೂದು ಮಾತ್ರ ನನಗ ಕೇಳಸ್ತೈತ್ರಿ. ನನಗೂ ಜಡ್ಡೇನ್ರಿ ಇದು?"

"ಅದನ್ನ ಹೇಳಾಕ ನಾ ಡಾಕ್ಟರ್ ಅಲ್ರಿ" ಎಂದೆ. "ಆದ್ರ ಅವಸರಿಲ್ಲ, ಕುಂತು ಹೇಳ್ರಿ. ನಾವು ಕೇಳ್ತೀವಿ."

ಹೇಳಿದರು. ಕನ್ನಡ ತಿಳಿಯದ ರೇಣುಕಾ ಕೂಡ ಅವರ ಕೈ ಹಿಡಿದು ಕೂತಿದ್ದಳು. ಎಲ್ಲ ಮುಗಿದ ಮೇಲೆ ಬಂಡೆಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡು, ತೀರ ಸಣ್ಣ ದನಿಯಲ್ಲಿ ಕೇಳಿದರು, "ಇಲ್ಲಿ ಆಕಿ ನಗತಿದ್ಲೇನ್ರಿ?"

ಎಲ್ಲರೂ ಒಟ್ಟಿಗೇ ಮಾತಾಡಿದೆವು. ಹನುಮಂತ ಸುಮ್ಮನಿರಲಾರದೆ ನಿಮ್ಮ ನಗುವನ್ನು ನಕ್ಕು ತೋರಿಸಿದರು. ಮೊದಲು ಕೆಮ್ಮು, ಆಮೇಲೆ ಆ ಎಳೆದ ಗಟ್ಟಿ ನಗು. ಎಷ್ಟು ಸರಿಯಾಗಿ ಬಂತೆಂದರೆ, ಅಕ್ಕಾವ್ರೇ, ಬಂಡೆಮ್ಮನವರು ಬಾಗಿಲತ್ತ ಹೊರಳಿ ನೋಡಿದರು. ನಾನೂ ನೋಡಿದೆ. ರೇಣುಕಾಳೂ ನೋಡುತ್ತಿದ್ದಳು.

ನೀವಿರುವ ಕಡೆ ಯಾವ ಬಾಗಿಲಿಗೂ ಕೀಲಿ ಇಲ್ಲದಿರಲಿ. ನಿಮ್ಮನ್ನು ಅಲ್ಲಿ ಎಲ್ಲರೂ 'ರೀ' ಹಚ್ಚಿ ಕರೆಯಲಿ.

ಹೋಗಿ ಬರ್ರಿ, ಅಕ್ಕಾವ್ರೇ.

ನಿಮ್ಮ
ವಿಜಯಶ್ರೀ