ಮೂರನೆಯ ಹೆಣದ ಉಸಿರು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪತ್ತೇದಾರಣ್ಣನಿಗೆ,

ನಿಮ್ಮ ಮೂರನೆಯ ಹೆಣದ ನಮಸ್ಕಾರಗಳು. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ‘ಅಂತೂ ಇವಳಿಗೆ ಜೀವ ಬಂತು’ ಎಂದು ಅತ್ತಿಗೆಗೆ ಹೇಳಿರುತ್ತೀರಿ. ಮೊಮ್ಮಗಳು ಹುಟ್ಟಿದ ಸುದ್ದಿ ಹೊತ್ತ ನಿಮ್ಮ ಕಾಗದ ಬಂದಾಗ ಮಳೆಗಾಲ. ಈಗ ಅವಳು ನಿಮ್ಮ ಕನ್ನಡಕ ಕಿತ್ತು ಎಸೆಯುವಷ್ಟು ದೊಡ್ಡವಳಾಗಿರಬೇಕು. ಉತ್ತರ ಬರೆಯಲಿಲ್ಲ, ತಪ್ಪಾಯಿತು. ಬೈಯುವುದಿದ್ದರೆ ಮನೆಗೇ ಬಂದು ಬೈಯಿರಿ; ನಿಮ್ಮನ್ನು ಕರೆಯಲೆಂದೇ ಈ ಕಾಗದ. ಅಮ್ಮನಿಗೆ ನಿಮ್ಮನ್ನು ನೋಡಬೇಕಂತೆ. ನೋಡುವವರೆಗೆ ಅವಳ ಗಂಟಲಲ್ಲಿ ಅನ್ನ ಇಳಿಯುವ ಹಾಗೆ ಕಾಣುವುದಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಸಿನಿಮಾ ಎಂದರೆ ನಂಬುತ್ತೀರಾ? ಟೀವಿಯವರು ಯಾವ ಅಟ್ಟದಿಂದ ಹುಡುಕಿ ತೆಗೆದರೋ, ಹೋದ ತಿಂಗಳು ಒಂದು ಸಂಜೆ ಅದನ್ನು ಮತ್ತೆ ಹಾಕಿದರು. ಅಳತೆ ಟೇಪಿನಿಂದ ಹೆಂಗಸರ ಕತ್ತು ಬಿಗಿಯುತ್ತ ಹೋಗುವ ದರ್ಜಿ, ಅವನ ಬೆನ್ನು ಹತ್ತಿದ ಪತ್ತೇದಾರ ನೀವು, ನಡುವೆ ಸಾಲಾಗಿ ಹೆಣವಾಗಿ ಮಲಗಿದ ನಾವು! ಆಗ ಟೀವಿಗೆಂದೇ ಸಿನಿಮಾ ತೆಗೆಯುವುದು ಹೊಸತು. ಮಾತಿಲ್ಲದ ಪಾತ್ರವಾದರೂ ಊರೆಲ್ಲ ನೋಡುತ್ತದೆಂದು ನಾನು ನೆಲ ಬಿಟ್ಟು ಎರಡು ಗೇಣು ಮೇಲೆ ನಡೆಯುತ್ತಿದ್ದೆ.

ಎಂಥ ದಿನಗಳು ಅಣ್ಣ ಅವು. ನಿಮ್ಮ ಕೋಟಿನ ಎರಡನೆಯ ಗುಂಡಿ ದಿನಾ ಉದುರುತ್ತಿತ್ತು, ದಿನಾ ನಾನೇ ಹೊಲಿಯುತ್ತಿದ್ದೆ. ನಾನು ಸೂಜಿ ಹಿಡಿದದ್ದೇ ಆ ಗುಂಡಿಯಿಂದ. ಈಗ ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಊರಿನವರ ಪ್ಯಾಂಟು ಬಿಗಿ ಮಾಡುತ್ತೇನೆ, ಸಡಿಲ ಮಾಡುತ್ತೇನೆ. ದಿನವಿಡೀ ಕೊರಳಲ್ಲಿ ಟೇಪು. ಕೊಲೆಗಾರಣ್ಣನ ಕಸುಬು ನನಗೇ ಅಂಟಿಕೊಂಡಿತು ನೋಡಿ. ಪಾಪ, ಆ ದೇವರಂಥ ಮನುಷ್ಯ ಈಗಿಲ್ಲ. ಕತ್ತು ಬಿಗಿದ ಮೇಲೆ ಫ್ಲಾಸ್ಕ್ ಹಿಡಿದು ಓಡಿಬಂದು, “ನೋವಾಯ್ತಾ ತಂಗಿ? ಒಂದ್ ಗುಟುಕು ಟೀ ಕುಡಿ” ಎನ್ನುತ್ತಿದ್ದರು. ಅಂಥ ಕೊಲೆಗಾರ ಎಲ್ಲಿ ಸಿಗುತ್ತಾನೆ, ಹೇಳಿ?

ನನ್ನ ಹೆಣದ ದಿನ ನೆನಪಿದೆಯಲ್ಲ? ಖಾಲಿ ಗೋದಾಮು, ಮಂಜುಗಡ್ಡೆಯಂಥ ನೆಲ. ನೀವು ಮೊಣಕಾಲೂರಿ ಗಂಭೀರವಾಗಿ ನನ್ನ ಮುಖ ನೋಡಿದ ಕೂಡಲೇ ನನಗೆ ಹೊಟ್ಟೆಯೊಳಗಿಂದ ನಗು. “ಕಟ್! ಹೆಣ ಉಸಿರಾಡ್ತಿದೆ!” ಎಂದು ನಿರ್ದೇಶಕರ ಕೂಗು. ಎಷ್ಟು ಸಲ ಆಯಿತೋ. ಕೊನೆಗೆ ನೀವು ಕಿವಿಯಲ್ಲಿ, “ಇನ್ನೊಂದ್ಸಲ ನಕ್ಕರೆ ನಾನೇ ಕೊಂದ್ಬಿಡ್ತೀನಿ” ಎಂದಿರಿ. ಹಲ್ಲು ಕಚ್ಚಿ ಉಸಿರು ಹಿಡಿದೆ. ಬಿಳಿ ಬಟ್ಟೆ ಮುಖದ ಮೇಲೆ ಬಂತು.

ಆಗಲೇ ಅಲ್ಲವೇ, ಕ್ಯಾಮರಾದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ನಮ್ಮಮ್ಮ ಎದ್ದು ಓಡಿಬಂದದ್ದು! ದೀಪದ ಕಂಬ ಉರುಳಿಸಿ, ಬಟ್ಟೆ ಎಳೆದು ಬಿಸಾಡಿ, “ಮುಖ ಮುಚ್ಬೇಡ್ರೋ, ನನ್ನ ಮಗಳಿಗೆ ಉಸಿರು ಕಟ್ಟತ್ತೆ!” ಎಂದು ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನೀವೊಬ್ಬರೇ ನಗಲಿಲ್ಲ. ಅಮ್ಮನ ಕೈ ಹಿಡಿದು ನನ್ನ ಹೊಟ್ಟೆಯ ಮೇಲಿಟ್ಟು, “ನೋಡಿ ತಾಯಿ, ಏರ್ತಾ ಇದೆ, ಇಳೀತಾ ಇದೆ. ನಿಮ್ಮ ಮಗಳು ಇಲ್ಲೇ ಇದ್ದಾಳೆ” ಎಂದಿರಿ. ಅಮ್ಮ ಕೈ ತೆಗೆಯುವವರೆಗೂ ನೀವು ಏಳಲಿಲ್ಲ. ಆಮೇಲೆ ಎಷ್ಟೋ ವರ್ಷ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು: “ನಟರೆಲ್ಲ ಸುಳ್ಳು ಹೇಳ್ತಾರೆ, ಅವನೊಬ್ಬ ಹೇಳಲ್ಲ.”

ಅಮ್ಮನ ಮರೆವಿನ ವಿಷಯ ಹಿಂದೊಮ್ಮೆ ಬರೆದಿದ್ದೆ. ಈಗ ಅದು ಹೆಚ್ಚಾಗಿದೆ. ಹಲ್ಲುಜ್ಜಿದ್ದು ನೆನಪಿರುವುದಿಲ್ಲ, ಆ ಗೋದಾಮಿನ ಬಾಗಿಲಿನ ಬಣ್ಣ ನೆನಪಿರುತ್ತದೆ. ನನ್ನನ್ನು ಒಂದು ದಿನ ಮಗಳೆನ್ನುತ್ತಿದ್ದಳು, ಒಂದು ದಿನ ತಂಗಿ ಎನ್ನುತ್ತಿದ್ದಳು. ಅದಕ್ಕೇ ಸಿನಿಮಾ ಬರುತ್ತದೆಂದು ತಿಳಿದಾಗ ನನಗೆ ಆಸೆ ಹುಟ್ಟಿತು. ಆ ಕಾಲದ ಮುಖ ನೋಡಿದರಾದರೂ ಮಗಳ ಗುರುತು ಗಟ್ಟಿಯಾಗಿ ನಿಲ್ಲಲಿ ಎಂದು ಅಮ್ಮನ ತಲೆ ಬಾಚಿ, ದಿಂಬು ಒರಗಿಸಿ, ಟೀವಿಯ ಮುಂದೆ ಕೂರಿಸಿದೆ.

ನನ್ನ ಎಣಿಕೆ ಸುಳ್ಳಾಗಲಿಲ್ಲ. ಎರಡು ಜಡೆ ಹಾಕಿಕೊಂಡು ನಾನು ಮೆಟ್ಟಿಲಿಳಿದು ಬಂದ ಕೂಡಲೇ ಅಮ್ಮ ಚಪ್ಪಾಳೆ ತಟ್ಟಿದಳು. ಹೆಸರು ಹಿಡಿದು ಕೂಗಿದಳು. ಎಷ್ಟು ದಿನವಾಗಿತ್ತೋ ಆ ಹೆಸರು ಅವಳ ಬಾಯಲ್ಲಿ ಕೇಳಿ! ನನಗೆ ಅಳು ಬಂತು. ಆದರೆ ನೀವು ಕೊಲೆಗಾರನನ್ನು ಹಿಡಿಯುವ ಮೊದಲೇ ಟೀವಿ ಆರಿಸಬೇಕಾಯಿತು.

ಅಂದಿನಿಂದ ಒಂದೇ ಹಟ: “ಆ ಕೋಟಿನವರನ್ನ ಕರೆಸು. ಅವರ ಹತ್ರ ಮಾತಾಡ್ಬೇಕು.” ಕಿಟಕಿಯ ಪಕ್ಕ ಕೂತು ಬೀದಿಯಲ್ಲಿ ಹೋಗುವ ಗಂಡಸರನ್ನೆಲ್ಲ ನೋಡುತ್ತಾಳೆ. ಬ್ರೆಡ್ಡು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಎರಡು ತುತ್ತು ತಿಂದು ಮುಖ ತಿರುಗಿಸುತ್ತಾಳೆ. ಹೀಗೇ ಆದರೆ ಹೆಚ್ಚು ದಿನ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಬನ್ನಿ ಅಣ್ಣ. ಆ ಕೋಟನ್ನು ಬಿಸಾಡಲು ನೀವು ಬಿಡುವುದಿಲ್ಲವೆಂದು ಅತ್ತಿಗೆ ಗೊಣಗುತ್ತಿದ್ದರಲ್ಲ, ಅದನ್ನೇ ಹಾಕಿಕೊಂಡು ಬನ್ನಿ. ಹೊಟ್ಟೆ ಬಂದು ಗುಂಡಿ ಕೂರದಿದ್ದರೆ ನಾಚಿಕೊಳ್ಳಬೇಡಿ, ಬಾಗಿಲಲ್ಲೇ ಸಡಿಲ ಮಾಡಿಕೊಡುತ್ತೇನೆ.

ಅತ್ತಿಗೆಗೆ ನನ್ನ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಅಜ್ಜನ ಕನ್ನಡಕವೆಲ್ಲ ಮುರಿದು ಹಾಕಿ ನೂರು ಕಾಲ ನಗುತ್ತಿರಲಿ.

ನಿಮ್ಮ ತಂಗಿ,
ಮೂರನೆಯ ಹೆಣ

ತಾ.ಕ.: ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ಬರೆಯಲು ಕೈ ಬರಲಿಲ್ಲ. ಅಮ್ಮ ಗುರುತು ಹಿಡಿದದ್ದು ಪರದೆಯ ಮೇಲಿನ ಹುಡುಗಿಯನ್ನು. ಆಮೇಲೆ ಆ ಹುಡುಗಿಯ ಮುಖದ ಮೇಲೆ ಬಟ್ಟೆ ಬಿತ್ತು. ಈ ಸಲ ಅದನ್ನು ಎಳೆದು ಬಿಸಾಡಲು ಅಮ್ಮನಿಂದ ಆಗಲಿಲ್ಲ. ಟೀವಿಯ ಗಾಜನ್ನು ಉಗುರಿನಿಂದ ಕೆರೆದಳು ಅಣ್ಣ.

ಅವಳ ಲೆಕ್ಕದಲ್ಲಿ ಮಗಳು ಸತ್ತಳು, ಕೊಂದವನು ಇನ್ನೂ ಸಿಕ್ಕಿಲ್ಲ. ನಾನು ಮನೆಗೆಲಸಕ್ಕೆ ಬಂದ ಹೆಂಗಸು. “ನಾನೇ ಅಮ್ಮ, ನಿನ್ನ ಮಗಳು” ಎಂದರೆ, “ಸತ್ತವಳ ಹೆಸರಲ್ಲಿ ಆಟ ಆಡ್ಬೇಡ” ಎನ್ನುತ್ತಾಳೆ. ನಿನ್ನೆ ಅಂಗಡಿಯಿಂದ ಬರುವಾಗ ಕೊರಳಿನ ಟೇಪು ತೆಗೆಯಲು ಮರೆತಿದ್ದೆ. ಅಮ್ಮ ಅದನ್ನು ಕಿತ್ತೆಸೆದು, ನನ್ನ ಕತ್ತು ಸವರಿ, “ಹುಷಾರಮ್ಮ, ನಿನಗೂ ಒಬ್ಬಳು ತಾಯಿ ಇರ್ತಾಳಲ್ಲ” ಎಂದಳು.

ಅವಳು ನಂಬುವುದು ನಿಮ್ಮೊಬ್ಬರನ್ನೇ. ಕೊಲೆಗಾರ ಸಿಕ್ಕಿದನೆಂದು ಸಮಾಧಾನ ಹೇಳಿ ಹೊರಟುಬಿಡಬೇಡಿ. ನಾನು ನೆಲದ ಮೇಲೆ ಮಲಗಿರುತ್ತೇನೆ. ಆವತ್ತಿನ ಹಾಗೇ ಅಮ್ಮನ ಕೈ ಹಿಡಿದು ನನ್ನ ಹೊಟ್ಟೆಯ ಮೇಲಿಡಿ. ಈ ಸಲ ನಾನು ಉಸಿರು ಬಿಗಿಹಿಡಿಯುವುದಿಲ್ಲ.