ಹೊಲಿಗೆಯ ಪಕ್ಕದ ಬಿಳಿ ಗುರುತು

ಮಂಗಳವಾರ, ಮಧ್ಯಾಹ್ನ

ನನ್ನ ಬಂಗಾರದಂಥ ಮೊಮ್ಮಗಳಿಗೆ ಅಜ್ಜಿಯ ಮುದ್ದು.

ಫೋನಿದ್ದೂ ಕಾಗದ ಯಾಕೆ ಅಂತ ನಗಬೇಡ. ಕ್ಯಾನ್ಸರ್ ಅಂತ ಅರ್ಧ ನಾಲಿಗೆ ಕುಯ್ದ ಮೇಲೆ ನನ್ನ ಮಾತು ಯಾರಿಗೂ ತಿಳಿಯುವುದಿಲ್ಲ. ನಿಮ್ಮಮ್ಮ ನಾನು ಬೈದರೂ "ಹ್ಞೂಂ, ಸರಿಯಮ್ಮ" ಅನ್ನುತ್ತಾಳೆ. ಚಿಕ್ಕವಳಿದ್ದಾಗಲೇ ಇಷ್ಟು ವಿಧೇಯಳಾಗಿದ್ದರೆ ನನ್ನ ಗಂಟಲಾದರೂ ಉಳಿಯುತ್ತಿತ್ತು.

ವಿಷಯ ಇದು. ಕೈಯ ಚರ್ಮ ತೆಗೆದು ನಾಲಿಗೆಗೆ ಹೊಲಿದರಲ್ಲ, ಆ ಹೊಲಿಗೆಯ ಪಕ್ಕದಲ್ಲಿ ಬಿಳಿ ಗುರುತೊಂದು ಕಾಣುತ್ತಿದೆ. ದಿನಾ ಬೆಳಗ್ಗೆ ತಾತ ಟಾರ್ಚ್ ಬಿಟ್ಟು ನೋಡಿ "ಏನೂ ಇಲ್ಲ ಕಣೇ" ಅನ್ನುತ್ತಾರೆ. ಕನ್ನಡಕ ಮಾತ್ರ ಹಣೆಯ ಮೇಲೇ ಇರುತ್ತದೆ. ಸೊಸೆ ನೋಡಿ, "ಅದು ಕೈ ಚರ್ಮದ ಬಣ್ಣ ಅಲ್ವಾ ಅತ್ತೆ, ಮೊದಲಿಂದ್ಲೂ ಇತ್ತು" ಅಂದಳು. ಇತ್ತಾ? ಕನ್ನಡಿಯಲ್ಲಿ ಒಂದು ದಿನ ದೊಡ್ಡದಾಗಿ ಕಾಣುತ್ತದೆ, ಒಂದು ದಿನ ಇಲ್ಲವೇ ಇಲ್ಲ. ಹೊಲಿದ ಭಾಗಕ್ಕೆ ಬಿಸಿ ತಿಳಿಯದು. ಸುಡುವ ಹಾಲು ಕುಡಿದು ಪಕ್ಕದಲ್ಲಿ ಸುಟ್ಟುಕೊಂಡೆನೋ, ಹಲ್ಲು ತಾಗುತ್ತಿದೆಯೋ, ಅಥವಾ ಅದೇ ತಿರುಗಿ ಬಂದಿದೆಯೋ.

"ಮೊದಲೆರಡು ವರ್ಷ ಹುಷಾರಮ್ಮ, ತಿರುಗಿ ಬರೋದಿದ್ರೆ ಹೆಚ್ಚಾಗಿ ಆಗ್ಲೇ. ಹುಣ್ಣು ಎರಡು ವಾರದಲ್ಲಿ ಮಾಯದಿದ್ರೆ ನಾವು ಕರೆಯೋವರೆಗೂ ಕಾಯಬೇಡಿ" ಅಂದಿದ್ದರು ಡಾಕ್ಟರು. ಆ ಎರಡು ವಾರ ಯಾವತ್ತಿಂದ ಎಣಿಸಬೇಕು? ಕಂಡ ದಿನದಿಂದಲೋ, ಒಪ್ಪಿಕೊಂಡ ದಿನದಿಂದಲೋ?

ಹೋಗಿಬಿಡೋಣ ಅನ್ನಿಸುತ್ತದೆ. ಹೋದರೆ ಮತ್ತೆ ಕುಯ್ಯುತ್ತಾರೆ ಅನ್ನಿಸುತ್ತದೆ. ಮೂಗಿನ ನಳಿಕೆ ತೆಗೆಸಿ ಈಗಷ್ಟೇ ಚಮಚದಲ್ಲಿ ನುಂಗಲು ಕಲಿತಿದ್ದೇನೆ. ಮಾತು ಕಲಿಸುವ ಹುಡುಗಿ ಎಳೆ ಮಗುವಿಗೆ ಹೇಳಿಸಿದಂತೆ ನನ್ನಿಂದ "ಲಾ ಲಾ" ಅನ್ನಿಸುತ್ತಾಳೆ. ಉಳಿದದ್ದನ್ನೂ ತೆಗೆದರೆ ನಿಮ್ಮ ತಾತನನ್ನು ಯಾರು ಬೈಯಬೇಕು?

ಹೊಲಿಗೆ ಬಿಚ್ಚಿದ ದಿನ ಪಕ್ಕದಲ್ಲಿದ್ದವಳು ನೀನು. ಆ ಜಾಗ ಆಗ ಹೇಗಿತ್ತು? ಬೆಳ್ಳಗಿತ್ತು ಅಂದರೆ ನಂಬಿಬಿಡುತ್ತೇನೆ. ಸುಳ್ಳಾದರೂ ಹೇಳು. ಬೇಡ, ಸುಳ್ಳು ಹೇಳಬೇಡ.

ಇತಿ,
ನಿನ್ನ ಬಾಯಿಬಡುಕಿ ಅಜ್ಜಿ

ಮರೆತಿದ್ದೆ: ಹೋದ ಸಲ ನರ್ಸಮ್ಮ "ಕಿವಿ ನೋಯುತ್ತಾ?" ಅಂದಾಗ, ನಾಲಿಗೆ ತೋರಿಸಲು ಬಂದವಳ ಕಿವಿ ಯಾಕೆ ವಿಚಾರಿಸುತ್ತಾಳೆ ಅಂತ ನಕ್ಕಿದ್ದೆ. ಈ ರೋಗ ತಿರುಗಿ ಬಂದರೆ ನಾಲಿಗೆಯ ನೋವು ಕಿವಿಗೂ ಹೊಡೆಯುತ್ತದೆ ಅಂತ ಅವಳೇ ಹೇಳಿದಳು. ಈಗ ಎಡಗಿವಿಯೊಳಗೆ ದಬ್ಬಳ ಚುಚ್ಚಿದಂತಾಗುತ್ತಿದೆ. ಹತ್ತಿ ಇಟ್ಟುಕೊಂಡದ್ದು ಗಾಳಿಗೆ ಅಂತ ತಾತನಿಗೆ ಹೇಳಿದೆ. ಮರೆತಿದ್ದೆ ಅಂದದ್ದೂ ಸುಳ್ಳೇ. ನಾಳೆಯೇ ಡಾಕ್ಟರಿಗೆ ತೋರಿಸಬೇಕು, ಆಸ್ಪತ್ರೆಗೆ ಫೋನ್ ಮಾಡಿ ಹೇಳಿಟ್ಟು ಬಾ. ಅಂಚೆಗೆ ಹಾಕಿದರೆ ಇದು ನಿನ್ನನ್ನು ಸೇರುವುದು ಯಾವ ಕಾಲಕ್ಕೋ. ಸೊಸೆಯ ಕೈಗೇ ಕೊಡುತ್ತೇನೆ, ಫೋಟೋ ತೆಗೆದು ಈಗಲೇ ಕಳಿಸಲಿ. ಓದಿದರೆ ಓದಲಿ.